ಘಾನಾಕ್ಕೆ ಮುಯ್ಯಾಳಾಗಿ: ಪಶ್ಚಿಮ ಆಫ್ರಿಕಾದ ಸಣ್ಣ ಹೊಲಗಳಲ್ಲಿ ಸ್ವಯಂಸೇವೆ ಮಾಡುವವರಿಗೆ ಸಮಗ್ರ ಮಾರ್ಗದರ್ಶಿ

ಘಾನಾದ ಅಕಾನ್ ಭಾಷಿಕರ ಊರುಗಳಲ್ಲಿ ‘ನೊಬೊವಾ’ ಎಂಬ ಪದ್ಧತಿ ಇದೆ. ಇವತ್ತು ಎಂಟು ಹತ್ತು ಜನ ಸೇರಿ ಒಬ್ಬನ ಹೊಲದ ಕಳೆ ತೆಗೆದರೆ, ಅವನೂ ಸರದಿಯ ಮೇಲೆ ಉಳಿದವರ ಹೊಲಕ್ಕೆ ಹೋಗಬೇಕು. ದುಡ್ಡಿನ ಮಾತಿಲ್ಲ, ಊಟ ಹೊಲದವರದ್ದು. ನಮ್ಮ ಕಡೆ ಇದಕ್ಕೆ ಮುಯ್ಯಾಳು ಅಂತಾರೆ. ಘಾನಾದ ರೈತರ ಮನೆಗೆ ಹೊರಟವರು ‘ಸ್ವಯಂಸೇವಕ’ ಎಂಬ ಭಾರದ ಪದವನ್ನು ಇಲ್ಲೇ ಇಳಿಸಿ, ತಾನೊಬ್ಬ ಮುಯ್ಯಾಳು ಎಂದುಕೊಂಡು ಹೋದರೆ ಅರ್ಧ ತಪ್ಪುಗಳು ಆಗುವುದೇ ಇಲ್ಲ. ಕಲಿಸಲು ಹೋಗುತ್ತಿಲ್ಲ, ಕೈಜೋಡಿಸಲು ಹೋಗುತ್ತಿದ್ದೀರಿ.

ಪಶ್ಚಿಮ ಆಫ್ರಿಕಾದಲ್ಲಿ ಘಾನಾವನ್ನೇ ಆರಿಸಿಕೊಳ್ಳಲು ಕಾರಣ ಸರಳ. ಆಡಳಿತ ಭಾಷೆ ಇಂಗ್ಲಿಷ್, ಓಡಾಟಕ್ಕೆ ಬಸ್ಸುಗಳಿವೆ, ಬುರ್ಕಿನಾ ಫಾಸೊ, ಮಾಲಿಗಳ ಹಾಗೆ ಹಳ್ಳಿಗಾಡು ಹಿಂಸೆಯಲ್ಲಿ ಸಿಕ್ಕಿಕೊಂಡಿಲ್ಲ. ಆದರೂ ಈಶಾನ್ಯದ ಬಾವ್ಕು ಸುತ್ತ ಜಗಳ ಇದೆ. ಉತ್ತರದ ಗಡಿಗೆ ಹತ್ತಿರದ ಊರು ಅಂದರೆ ಒಪ್ಪುವ ಮುಂಚೆ ಅಕ್ರಾದ ಭಾರತೀಯ ಹೈಕಮಿಷನ್ನಿನ ಸೂಚನೆ ನೋಡಿ.

ಮೊದಲು ಬೆಳೆ, ಆಮೇಲೆ ಟಿಕೆಟ್

ಹೆಚ್ಚಿನವರು ರಜೆ ನೋಡಿಕೊಂಡು ಟಿಕೆಟ್ ತೆಗೆಸಿ, ಆಮೇಲೆ ಅಲ್ಲೇನು ಕೆಲಸ ಇದೆ ಅಂತ ಕೇಳುತ್ತಾರೆ. ಹೊಲದಲ್ಲಿ ಕೆಲಸವೇ ಇಲ್ಲದ ತಿಂಗಳಲ್ಲಿ ಹೋಗಿ ಕೂತರೆ ನೀವು ನೆಂಟರಾಗುತ್ತೀರಿ, ನೆಂಟರು ಅಂದರೆ ಖರ್ಚು.

ದಕ್ಷಿಣ ಘಾನಾದಲ್ಲಿ ಮಳೆ ಎರಡು ಸಲ: ಏಪ್ರಿಲ್‌ನಿಂದ ಜುಲೈವರೆಗೆ ದೊಡ್ಡ ಮಳೆ, ಸೆಪ್ಟೆಂಬರ್‌ನಿಂದ ನವೆಂಬರ್‌ವರೆಗೆ ಸಣ್ಣ ಮಳೆ. ಮೆಕ್ಕೆಜೋಳ, ಮರಗೆಣಸು, ಅಡುಗೆ ಬಾಳೆ, ಕೋಕೋ ಇಲ್ಲಿನ ಬೆಳೆಗಳು. ಕೋಕೋದ ಮುಖ್ಯ ಕೊಯ್ಲು ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ. ಉತ್ತರದಲ್ಲಿ, ಅಂದರೆ ತಮಾಲೆ ಸುತ್ತಿನ ಬಯಲು ಸೀಮೆಯಲ್ಲಿ, ಮಳೆ ಒಂದೇ ಸಲ: ಮೇ ತಿಂಗಳಿಂದ ಅಕ್ಟೋಬರ್‌ವರೆಗೆ. ಮೆಕ್ಕೆಜೋಳ, ಸಜ್ಜೆ, ಬಿಳಿಜೋಳ, ಕಡಲೆಕಾಯಿ, ಅಲಸಂದೆ, ಸೋಯಾ, ಜತೆಗೆ ನಮ್ಮ ಮುಡಿಗೆಣಸಿನ ಜಾತಿಯ ಯಾಮ್. ಅಲ್ಲಿ ಆಳಿಗೆ ನಿಜವಾದ ಬರ ಬರುವುದು ಜುಲೈ ಮತ್ತು ಆಗಸ್ಟ್‌ನಲ್ಲಿ ಕಳೆ ತೆಗೆಯುವಾಗ, ಮತ್ತೆ ಅಕ್ಟೋಬರ್, ನವೆಂಬರ್ ಕೊಯ್ಲಿನಲ್ಲಿ. ಡಿಸೆಂಬರ್‌ನಿಂದ ಫೆಬ್ರುವರಿವರೆಗೆ ಸಹಾರಾ ಕಡೆಯಿಂದ ಹರ್ಮಟ್ಟಾನ್ ಎಂಬ ಒಣಗಾಳಿ ಬೀಸುತ್ತದೆ. ಆಕಾಶವೆಲ್ಲ ದೂಳು, ತುಟಿ ಒಡೆದು ರಕ್ತ ಬರುತ್ತದೆ, ಹೊಲದಲ್ಲಿ ಕೆಲಸ ಕಡಿಮೆ.

ಹಾಗಾಗಿ ಲೆಕ್ಕ ಹೀಗೆ. ಬೇಸಿಗೆ ರಜೆಯ ಕೃಷಿ ವಿದ್ಯಾರ್ಥಿಗಳು ಏಪ್ರಿಲ್, ಮೇನಲ್ಲಿ ದಕ್ಷಿಣಕ್ಕೆ ಹೋದರೆ ಬಿತ್ತನೆ ಸಿಗುತ್ತದೆ. ಕೋಕೋ ನೋಡಬೇಕೆನ್ನುವ ಕರಾವಳಿಯ ಬೆಳೆಗಾರರು ಅಕ್ಟೋಬರ್, ನವೆಂಬರ್ ಆರಿಸಿಕೊಳ್ಳಲಿ. ಒಣಬೇಸಾಯ ತಿಳಿದವರಿಗೆ ಜುಲೈ, ಆಗಸ್ಟ್‌ನ ಉತ್ತರ.

ಅವಧಿ ಆರು ವಾರಕ್ಕಿಂತ ಕಡಿಮೆ ಬೇಡ. ಮೊದಲ ವಾರ ಹೊಟ್ಟೆ, ಸೊಂಟ, ನಿದ್ದೆ ಸರಿಹೋಗುವುದರಲ್ಲೇ ಕಳೆಯುತ್ತದೆ. ಎರಡನೇ ವಾರ ನಿಮಗೆ ಕೆಲಸ ಹೇಳಿಕೊಡುವುದೇ ಮನೆಯವರಿಗೊಂದು ಕೆಲಸ. ನಿಮ್ಮಿಂದ ಉಪಯೋಗ ಶುರುವಾಗುವುದು ಮೂರನೇ ವಾರದಿಂದ. ಎರಡು ವಾರದ ಪ್ಯಾಕೇಜುಗಳನ್ನು ಮಾರುವವರಿಗೆ ಇದು ಗೊತ್ತಿಲ್ಲವೆಂದಲ್ಲ.

ಮನೆ ಆರಿಸುವಾಗ ಕೇಳಬೇಕಾದ್ದು

1971ರಲ್ಲಿ ಇಂಗ್ಲೆಂಡಿನಲ್ಲಿ ಶುರುವಾದ, ಸಾವಯವ ಹೊಲಗಳಿಗೆ ಸ್ವಯಂಸೇವಕರನ್ನು ಕಳಿಸುವ ವೂಫ್ ಜಾಲದ ಮಾದರಿಯಲ್ಲಿ ದಿನಕ್ಕೆ ನಾಲ್ಕರಿಂದ ಆರು ತಾಸು ದುಡಿಮೆ, ಬದಲಿಗೆ ಊಟ ಮತ್ತು ವಸತಿ. ಘಾನಾದ ಸಣ್ಣ ರೈತರ ಮನೆಯಲ್ಲಿ ಈ ಲೆಕ್ಕ ಹಾಗೇ ಕೂರುವುದಿಲ್ಲ. ನಿಮ್ಮ ಊಟದ ಖರ್ಚು ನಿಮ್ಮ ದುಡಿಮೆಯ ಬೆಲೆಗಿಂತ ಹೆಚ್ಚಾಗಬಹುದು. ಆದ್ದರಿಂದ ಊಟಕ್ಕೆ ವಾರಕ್ಕಿಷ್ಟು ಎಂದು ದುಡ್ಡು ಕೊಡುವುದೇ ಮರ್ಯಾದೆ. ಮಧ್ಯವರ್ತಿ ಸಂಸ್ಥೆ ಇದ್ದರೆ ನೀವು ಕೊಟ್ಟದ್ದರಲ್ಲಿ ರೈತರ ಕೈಗೆ ಎಷ್ಟು ಸೇರುತ್ತದೆ ಎಂದು ನೇರ ಕೇಳಿ. ಉತ್ತರ ಸುತ್ತಿ ಬಳಸಿ ಬಂದರೆ ಬೇರೆ ಕಡೆ ನೋಡಿ.

ಇನ್ನೂ ನಾಲ್ಕು ವಿಷಯ ಬರಹದಲ್ಲಿ ತರಿಸಿಕೊಳ್ಳಿ: ನೀವು ಬರುವ ತಿಂಗಳಲ್ಲಿ ಯಾವ ಹೊಲದಲ್ಲಿ ಯಾವ ಕೆಲಸ, ಕುಡಿಯುವ ನೀರು ಬೋರ್‌ವೆಲ್ಲಿನದೋ ಕೆರೆಯದೋ, ಆರೋಗ್ಯ ಕೇಂದ್ರ ಎಷ್ಟು ದೂರ, ಹೋದ ವರ್ಷ ಆ ಕೆಲಸವನ್ನು ಯಾರು ಮಾಡಿದರು. ಕೊನೆಯದು ಮುಖ್ಯ. ಘಾನಾದಲ್ಲಿ ದಿನಗೂಲಿಗೆ ‘ಬೈ ಡೇ’ ಅಂತಾರೆ. ಬೈ ಡೇಗೆ ಬರುತ್ತಿದ್ದವರನ್ನು ಬಿಡಿಸಿ ನಿಮ್ಮನ್ನು ಪುಕ್ಕಟೆ ಹಚ್ಚಿಕೊಂಡರೆ ಊರಿನ ಬಡವರ ಅನ್ನಕ್ಕೆ ಕಲ್ಲು ಹಾಕಿದಂತಾಯಿತು.

ಕಾಗದ ಪತ್ರ

ಪಾಸ್‌ಪೋರ್ಟಿಗೆ ಕನಿಷ್ಠ ಆರು ತಿಂಗಳ ಆಯುಷ್ಯ ಇರಲಿ. ವೀಸಾ ಅರ್ಜಿ ದಿಲ್ಲಿಯ ಘಾನಾ ಹೈಕಮಿಷನ್ನಿಗೆ; ಆತಿಥೇಯರ ಆಹ್ವಾನ ಪತ್ರದಲ್ಲಿ ಸಂಬಳವಿಲ್ಲದ ಸ್ವಯಂಸೇವೆ ಎಂದು ಸ್ಪಷ್ಟವಾಗಿ ಬರೆಸಿ, ಯಾವ ಬಗೆಯ ವೀಸಾ ಬೇಕೆಂದು ಅಲ್ಲಿಯೇ ಕೇಳಿ. ಸುಮ್ಮನೆ ಪ್ರವಾಸಿ ಎಂದು ಬರೆದು, ಇಳಿದ ಮೇಲೆ ಅಧಿಕಾರಿಯ ಮುಂದೆ ‘ಹೊಲದಲ್ಲಿ ಕೆಲಸ’ ಎಂದು ಬಾಯಿಬಿಡುವುದು ಸಾಮಾನ್ಯ ಎಡವಟ್ಟು. ಅಕ್ರಾದಲ್ಲಿ ಮುದ್ರೆ ಒತ್ತುವಾಗ ಎಷ್ಟು ದಿನ ಇರಬಹುದು ಎಂದು ಬರೆಯುತ್ತಾರೆ. ಲೆಕ್ಕಕ್ಕೆ ಬರುವುದು ಆ ದಿನಗಳು, ವೀಸಾದ ಮೇಲಿನ ಅವಧಿಯಲ್ಲ. ಕೌಂಟರ್ ಬಿಡುವ ಮುಂಚೆಯೇ ಓದಿಕೊಳ್ಳಿ.

ಹಳದಿ ಜ್ವರದ ಲಸಿಕೆ ಇಲ್ಲದೆ ಘಾನಾಕ್ಕೆ ಪ್ರವೇಶವಿಲ್ಲ. ಕೇಂದ್ರ ಆರೋಗ್ಯ ಸಚಿವಾಲಯ ಗುರುತಿಸಿದ ಕೇಂದ್ರಗಳಲ್ಲಿ ಮಾತ್ರ ಹಾಕಿಸಿಕೊಳ್ಳಬೇಕು. ಬೆಂಗಳೂರಿನಲ್ಲಿ ಇದೆ, ಮುಂಚೆಯೇ ಹೆಸರು ಬರೆಸಿಡಿ. ಪ್ರಮಾಣಪತ್ರ ಜಾರಿಗೆ ಬರುವುದು ಚುಚ್ಚಿದ 10 ದಿನಗಳ ನಂತರ. ಆಮೇಲೆ ಜೀವನಪರ್ಯಂತ ನಡೆಯುತ್ತದೆ. ಆ ಹಳದಿ ಪುಸ್ತಕವನ್ನು ವಾಪಸು ಬರುವಾಗಲೂ ಜೋಪಾನ ಮಾಡಿ. ಇಲ್ಲದಿದ್ದರೆ ನಮ್ಮ ವಿಮಾನ ನಿಲ್ದಾಣದಲ್ಲೇ 6 ದಿನಗಳವರೆಗೆ ಪ್ರತ್ಯೇಕವಾಗಿ ಇರಿಸುತ್ತಾರೆ.

ಮಲೇರಿಯಾ: ಇಲ್ಲಿನ ಅನುಭವ ನಂಬಬೇಡಿ

ಅಲ್ಲಿನದು ಬಹುತೇಕ ಫಾಲ್ಸಿಪೇರಂ ಜಾತಿಯದು, ಮಿದುಳಿಗೆ ಏರುವಂಥದ್ದು. ‘ನಮಗೆ ಸೊಳ್ಳೆ ಅಭ್ಯಾಸ’ ಎನ್ನುವುದು ಬರೀ ಧೈರ್ಯ. ತಡೆ ಮಾತ್ರೆಗಳಲ್ಲಿ ಮೂರು ಬಗೆ ಇವೆ, ಯಾವುದು ನಿಮಗೆ ಹೊಂದುತ್ತದೆ ಎಂದು ವೈದ್ಯರು ಹೇಳಬೇಕು. ಡಾಕ್ಸಿಸೈಕ್ಲಿನ್ ದಿನಕ್ಕೊಂದು, ಹೊರಡುವ ಒಂದೆರಡು ದಿನ ಮುಂಚಿನಿಂದ ಮರಳಿದ ನಂತರದ 4 ವಾರದವರೆಗೆ. ಅಟೊವಾಕ್ವೋನ್ ಮತ್ತು ಪ್ರೊಗ್ವಾನಿಲ್ ಜೋಡಿಯೂ ದಿನಕ್ಕೊಂದು, ಮರಳಿದ ಮೇಲೆ 7 ದಿನ ಸಾಕು, ಆದರೆ ದುಬಾರಿ. ಮೆಫ್ಲೋಕ್ವಿನ್ ವಾರಕ್ಕೊಂದು, 2 ವಾರ ಮುಂಚೆ ಶುರು, ಮರಳಿದ ಮೇಲೂ 4 ವಾರ. ಕೆಲವರಿಗೆ ಕೆಟ್ಟ ಕನಸು, ತಲೆಸುತ್ತು ತರುತ್ತದೆ. ಹೊಲದ ಕೆಲಸಕ್ಕೆ ಹೋಗುವವರು ಡಾಕ್ಸಿಸೈಕ್ಲಿನ್ ತೆಗೆದುಕೊಳ್ಳುವುದಾದರೆ ಎರಡು ಎಚ್ಚರ: ಅದು ಚರ್ಮವನ್ನು ಬಿಸಿಲಿಗೆ ಬೇಗ ಸುಡುವಂತೆ ಮಾಡುತ್ತದೆ, ತುಂಬುತೋಳು ಬೇಕೇ ಬೇಕು, ಮಾತ್ರೆ ನುಂಗಿ ತಕ್ಷಣ ಮಲಗಿದರೆ ಅನ್ನನಾಳದಲ್ಲಿ ಹುಣ್ಣಾಗುತ್ತದೆ, ಪೂರ್ತಿ ಲೋಟ ನೀರಿನೊಂದಿಗೆ ಊಟದ ಹೊತ್ತಿಗೆ ತೆಗೆದುಕೊಳ್ಳಿ.

ಉತ್ತರಕ್ಕೆ ಒಣ ಕಾಲದಲ್ಲಿ ಹೋಗುವವರು ಮೆನಿಂಜೈಟಿಸ್ ಲಸಿಕೆಯನ್ನೂ, ಎಲ್ಲರೂ ಧನುರ್ವಾಯು, ಟೈಫಾಯ್ಡ್ ಲಸಿಕೆಗಳನ್ನೂ ಕೇಳಿ ಹಾಕಿಸಿಕೊಳ್ಳಿ. ವೋಲ್ಟಾ ಸರೋವರದಲ್ಲಾಗಲಿ ಊರ ಕೆರೆಯಲ್ಲಾಗಲಿ ಈಜಬೇಡಿ. ಬಸವನಹುಳುವಿನಿಂದ ನೀರಿಗೆ ಬರುವ ಶಿಸ್ಟೊಸೋಮ ಹುಳು ಚರ್ಮ ಕೊರೆದು ಒಳಹೋಗುತ್ತದೆ. ಹಳ್ಳಿಯ ಆರೋಗ್ಯ ಕೇಂದ್ರಕ್ಕೆ ಅಲ್ಲಿ ‘ಚಿಪ್ಸ್ ಕಾಂಪೌಂಡ್’ ಅಂತಾರೆ. ಜ್ವರ ಬಂದ ದಿನವೇ ಅಲ್ಲಿ ಹೋಗಿ ರಕ್ತ ಪರೀಕ್ಷೆ ಮಾಡಿಸಿ, ಮಾರನೆಯ ದಿನ ನೋಡೋಣ ಎನ್ನಬೇಡಿ. ತುರ್ತು ಕರೆಗೆ 112.

ಚೀಲದಲ್ಲಿ ಏನಿರಬೇಕು

ಮೊಣಕಾಲವರೆಗಿನ ರಬ್ಬರ್ ಬೂಟು, ಹಾವಿನ ಭಯಕ್ಕೂ ಕೆಸರಿಗೂ. ಅಲ್ಲಿ ವೆಲ್ಲಿಂಗ್ಟನ್ ಬೂಟು ಎಂದು ಸಿಗುತ್ತದೆ, ಆದರೆ ನಿಮ್ಮ ಅಳತೆ ಸಿಗುವ ಖಾತರಿ ಇಲ್ಲ. ಎರಡು ಜೊತೆ ಕೈಗವಸು, ಔಷಧಿ ಹಾಕಿದ ಸೊಳ್ಳೆಪರದೆ, ತಲೆಗೆ ಕಟ್ಟುವ ಟಾರ್ಚು, ಓಆರ್‌ಎಸ್ 20 ಪೊಟ್ಟಣ, 2 ಲೀಟರ್ ಹಿಡಿಸುವ ನೀರಿನ ಬಾಟಲಿ, ಗಾಯಕ್ಕೆ ಪಟ್ಟಿ. ಪ್ಲಗ್ ಬಗೆ ಚಿಂತೆ ಬೇಡ: 230 ವೋಲ್ಟ್, ನಮ್ಮ ಮೂರು ಗುಂಡು ಪಿನ್ನೂ ಹಲವು ಕಡೆ ನಡೆಯುತ್ತದೆ, ಆದರೂ ಚಪ್ಪಟೆ ಪಿನ್ನಿನ ಬ್ರಿಟಿಷ್ ಅಡಾಪ್ಟರ್ ಒಂದು ಇಟ್ಟುಕೊಳ್ಳಿ. ಸೈನಿಕರ ಮಚ್ಚೆ ಬಟ್ಟೆಯ ಪ್ಯಾಂಟು, ಟೋಪಿ ಖಂಡಿತ ಬೇಡ. ನಮ್ಮ ಸಂತೆಯಲ್ಲಿ ರಾಶಿ ಹಾಕಿ ಮಾರುವ ಆ ಬಟ್ಟೆಯನ್ನು ಘಾನಾದಲ್ಲಿ ಸಾಮಾನ್ಯರು ತೊಡುವಂತಿಲ್ಲ. ಬಿತ್ತನೆ ಬೀಜವನ್ನೂ ಒಯ್ಯಬೇಡಿ, ಎಷ್ಟೇ ಒಳ್ಳೆಯ ತಳಿಯಾಗಿರಲಿ.

ಊರು ಮುಟ್ಟಿದ ದಿನ

ಅಕ್ರಾದಿಂದ ತಮಾಲೆಗೆ 600 ಕಿಲೋಮೀಟರಿಗೂ ಹೆಚ್ಚು, ಬಸ್ಸಿನಲ್ಲಿ ಇಡೀ ದಿನ ಅಥವಾ ಇಡೀ ರಾತ್ರಿ. ಅಲ್ಲಿಂದ ಹಳ್ಳಿಗೆ ‘ಟ್ರೋಟ್ರೋ’, ನಮ್ಮ ಟೆಂಪೊ ಇದ್ದ ಹಾಗೆ, ತುಂಬಿದ ಮೇಲೇ ಹೊರಡುತ್ತದೆ. ಕಂಡಕ್ಟರಿಗೆ ‘ಮೇಟ್’ ಅಂತಾರೆ. ಅಲ್ಲಿನ ದುಡ್ಡಿನ ಹೆಸರು ‘ಸೀಡಿ’, ಹಳ್ಳಿಯಲ್ಲಿ ಹೆಚ್ಚಿನ ವ್ಯವಹಾರ ನಗದು ಇಲ್ಲವೇ ಮೊಬೈಲ್ ಮನಿ. ಪಾಸ್‌ಪೋರ್ಟ್ ತೋರಿಸಿ ಸಿಮ್ ತೆಗೆದುಕೊಂಡು ಅದೇ ದಿನ ಮೊಬೈಲ್ ಮನಿ ಶುರು ಮಾಡಿಸಿ.

ಅಕಾನ್ ಮನೆಗೆ ಹೋದರೆ ಮೊದಲು ಕೂರಿಸಿ ನೀರು ಕೊಡುತ್ತಾರೆ. ಅದನ್ನು ಕುಡಿದಾದ ಮೇಲೆಯೇ ‘ಅಮನ್ನೆ’, ಅಂದರೆ ಬಂದ ವಿಷಯ ಏನು ಎಂದು ಕೇಳುವುದು. ಬೆಲ್ಲ ನೀರು ಕೊಟ್ಟು ದಣಿವಾರಿದ ಮೇಲೆ ಮಾತಿಗಿಳಿಯುವ ಮನೆಗಳಿಂದ ಬಂದವರಿಗೆ ಇದು ಹೊಸದಲ್ಲ. ನೀರು ಬರುವ ಮುಂಚೆಯೇ ಕೆಲಸದ ಮಾತೆತ್ತಬೇಡಿ. ಕೊಡುವುದು, ತೆಗೆದುಕೊಳ್ಳುವುದು, ಕೈಬೀಸುವುದು ಎಲ್ಲ ಬಲಗೈಯಲ್ಲಿ. ಊರಿನ ಮುಖ್ಯಸ್ಥರನ್ನು ಮನೆಯವರ ಜತೆ ಹೋಗಿ ಕಾಣಬೇಕು. ಉತ್ತರದಲ್ಲಿ ಕೋಲಾ ಕಾಯಿ ಕಾಣಿಕೆ, ಬಗ್ಗಿ ಕುಕ್ಕರಗಾಲಲ್ಲಿ ಕೂತು ವಂದನೆ. ದಕ್ಷಿಣದಲ್ಲಿ ಷ್ನಾಪ್ಸ್ ಎಂಬ ಮದ್ಯದ ಬಾಟಲಿ ಒಯ್ಯುವ ರೂಢಿ. ಮದ್ಯ ಮುಟ್ಟದವರು ಅದರ ಬೆಲೆಯನ್ನು ಮನೆಯವರ ಕೈಲಿ ಕೊಟ್ಟರಾಯಿತು. ಅಕಾನರ ಟ್ವಿ ಭಾಷೆಯಲ್ಲಿ ಬೆಳಗಿನ ವಂದನೆ ‘ಮಾಚೆ’, ಧನ್ಯವಾದ ‘ಮೆದಾಸೆ’. ಉತ್ತರದ ದಗ್ಬಾನಿಯಲ್ಲಿ ಬೆಳಿಗ್ಗೆ ‘ದಸಿಬಾ’ ಎಂದರೆ ‘ನಾ’ ಎಂದು ಓಗೊಡಬೇಕು. ನಮ್ಮನ್ನೂ ‘ಒಬ್ರೂನಿ’ ಎಂದೇ ಕೂಗುತ್ತಾರೆ; ಹೊರಗಿನವರು ಎಂದರ್ಥ, ಬೈಗುಳವಲ್ಲ.

ಹೊಲಕ್ಕೆ ಹೋಗಬಾರದ ದಿನ ಯಾವುದು ಎಂದು ಮೊದಲೇ ಕೇಳಿ. ಅಶಾಂಟಿ ಕಡೆ ಗುರುವಾರ ಭೂತಾಯಿ ಅಸಾಸೆ ಯಾಳ ದಿನ, ಅಂದು ಮಣ್ಣು ಅಗೆಯುವುದಿಲ್ಲ. ಫಾಂಟಿ ಸೀಮೆಯಲ್ಲಿ ಅದು ಶುಕ್ರವಾರ. ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡದ ನಮ್ಮ ಉತ್ತರ ಕರ್ನಾಟಕದ ರೂಢಿಯಂತೆಯೇ.

ಗುದ್ದಲಿ, ಕಟ್ಲಾಸ್ ಮತ್ತು ನಿಮ್ಮ ಸೊಂಟ

ಸಲಕರಣೆ ಎರಡೇ: ಗಿಡ್ಡ ಹಿಡಿಯ ಗುದ್ದಲಿ ಮತ್ತು ಕಟ್ಲಾಸ್ ಎಂಬ ಉದ್ದ ಮಚ್ಚು. ಗುದ್ದಲಿಯ ಹಿಡಿ ಗಿಡ್ಡವಾದ್ದರಿಂದ ಸೊಂಟ ಪೂರ್ತಿ ಬಗ್ಗಬೇಕು. ಹೊಸಬರು ಬೆನ್ನನ್ನು ಕಮಾನು ಮಾಡಿ ತೋಳಿಂದ ಎಳೆಯುತ್ತಾರೆ, ಎರಡನೇ ದಿನ ಏಳಲಾಗುವುದಿಲ್ಲ. ಕಾಲು ಅಗಲಿಸಿ, ಮಂಡಿ ಸ್ವಲ್ಪ ಮಡಿಸಿ, ತೊಡೆಸಂದಿನಿಂದ ಬಗ್ಗಿ, ಗುದ್ದಲಿಯ ಭಾರಕ್ಕೇ ಕೆಲಸ ಬಿಡಿ. ಒಂದು ಸಾಲಿಗೊಮ್ಮೆ ಮೇಲಿನ ಕೈ ಕೆಳಗೆ, ಕೆಳಗಿನದು ಮೇಲೆ. ಮೊದಲ ಮೂರು ದಿನ ಎರಡು ತಾಸು ಸಾಕು, ಅದೂ ಬೆಳಗಿನ ಆರರಿಂದ. ಅಂಗೈ ಬೊಕ್ಕೆ ಎದ್ದರೆ ಒಡೆಯಬೇಡಿ, ಗವಸು ಹಾಕಿ.

ಕಟ್ಲಾಸ್ ಬೀಸುವಾಗ ಪಕ್ಕದವರಿಂದ ಎರಡು ಮಾರು ದೂರ ಇರಬೇಕು. ಮೊಂಡು ಅಲಗೇ ಹೆಚ್ಚು ಅಪಾಯ, ಜಾರಿ ಮೊಣಕಾಲಿಗೆ ಬರುತ್ತದೆ. ದಿನಾ ಬೆಳಿಗ್ಗೆ ಅರದಿಂದ ಉಜ್ಜಿ.

ಮೆಕ್ಕೆಜೋಳ ಮತ್ತು ಪರಿಚಿತ ಶತ್ರು

ಘಾನಾದಲ್ಲಿ ಶಿಫಾರಸಾದ ಅಂತರ ಸಾಲಿನಿಂದ ಸಾಲಿಗೆ 80 ಸೆಂಟಿಮೀಟರ್, ಗುಣಿಯಿಂದ ಗುಣಿಗೆ 40; ಗುಣಿಗೆ ಎರಡು ಗಿಡ. ಹಗ್ಗಕ್ಕೆ 40 ಸೆಂಟಿಮೀಟರಿಗೊಂದು ಗಂಟು ಹಾಕಿ ಎಳೆದು ಕಟ್ಟಿದರೆ ಹೊಸ ಕೈಯೂ ತಪ್ಪುವುದಿಲ್ಲ. ಆಳ 5 ಸೆಂಟಿಮೀಟರ್. ಇಲ್ಲಿ ಆಗುವ ತಪ್ಪು ಒಂದೇ: ಬೇಗ ಮುಗಿಸುವ ಆತುರದಲ್ಲಿ ಗುಣಿಗೆ ಐದಾರು ಕಾಳು ಸುರಿಯುವುದು. ಆಮೇಲೆ ಅಷ್ಟನ್ನೂ ಕಿತ್ತು ತೆಳುಮಾಡುವ ಕೆಲಸ ಮನೆಯ ಹೆಂಗಸರ ಪಾಲಿಗೆ. ರೈತರು ಬೇರೆ ಅಂತರ ಹೇಳಿದರೆ ಅವರದ್ದೇ ಅಂತಿಮ; ಅವರು ನಡುವೆ ಅಲಸಂದೆಗೋ ಮರಗೆಣಸಿಗೋ ಜಾಗ ಬಿಟ್ಟಿರುತ್ತಾರೆ.

ಫಾಲ್ ಸೈನಿಕ ಹುಳು ಪಶ್ಚಿಮ ಆಫ್ರಿಕಾದಲ್ಲಿ ಕಂಡದ್ದು 2016ರಲ್ಲಿ. ಭಾರತದಲ್ಲಿ ಅದು ಮೊದಲು ಸಿಕ್ಕಿದ್ದು 2018ರಲ್ಲಿ, ನಮ್ಮ ಶಿವಮೊಗ್ಗದ ಮೆಕ್ಕೆಜೋಳದಲ್ಲೇ. ಹಾಗಾಗಿ ಕನ್ನಡದ ರೈತರ ಮಕ್ಕಳು ಅಲ್ಲಿ ನಿಜಕ್ಕೂ ಉಪಯೋಗಕ್ಕೆ ಬರುವ ಕೆಲಸ ಇದು. ಬೆಳಿಗ್ಗೆ ಹೊಲದಲ್ಲಿ ಐದು ಕಡೆ ನಿಂತು, ಒಂದೊಂದು ಕಡೆ 20 ಗಿಡ ನೋಡಿ. ಸುಳಿಯೊಳಗೆ ಒದ್ದೆ ಮರದ ಹೊಟ್ಟಿನಂಥ ಹಿಕ್ಕೆ ಇದ್ದರೆ ಹುಳು ಒಳಗಿದೆ. ಎಲೆಯ ಮೇಲೆ ಹಸಿರು ಕೆರೆದು ಬಿಳಿ ಪೊರೆ ಉಳಿದಿದ್ದರೆ ಮರಿಗಳು ಈಗಷ್ಟೇ ಹೊರಬಂದಿವೆ. ಬಲಿತ ಹುಳುವಿನ ಹಣೆಯಲ್ಲಿ ತಲೆಕೆಳಗಾದ ಇಂಗ್ಲಿಷ್ ವೈ ಅಕ್ಷರ, ಬಾಲದ ಹತ್ತಿರ ಚೌಕಾಕಾರದ ನಾಲ್ಕು ಚುಕ್ಕೆ. ತುಪ್ಪಳ ಮುಚ್ಚಿದ ಮೊಟ್ಟೆ ಗುಂಪು ಕಂಡರೆ ಅಲ್ಲೇ ಬೆರಳಿಂದ ಹಿಚುಕಿ. ಎಳೆ ಪೈರಿನಲ್ಲಿ ನೂರಕ್ಕೆ 20 ಗಿಡ ಹಿಡಿದಿದ್ದರೆ ಅಂದೇ ಮನೆಯವರಿಗೆ ಲೆಕ್ಕ ಕೊಡಿ. ಔಷಧಿ ಹೊಡೆಯುವ ಕೆಲಸ ಮಾತ್ರ ನಿಮ್ಮದಲ್ಲ. ತರಬೇತಿ, ಮುಖವಾಡ ಎರಡೂ ಇಲ್ಲದೆ ಪಂಪು ಬೆನ್ನಿಗೇರಿಸಬೇಡಿ.

ಕೋಕೋ ತೋಟದಲ್ಲಿ

ದಕ್ಷಿಣ ಕನ್ನಡದ ಅಡಿಕೆ ತೋಟದಲ್ಲಿ ಕೋಕೋ ಬೆಳೆಯುವ ಹಲವರು ಹಸಿ ಬೀಜವನ್ನೇ ಕ್ಯಾಂಪ್ಕೊಗೆ ಕೊಟ್ಟು ಕೈತೊಳೆದುಕೊಳ್ಳುತ್ತಾರೆ. ಘಾನಾದಲ್ಲಿ ಹುದುಗಿಸಿ ಒಣಗಿಸುವುದು ರೈತರದ್ದೇ ಹೊಣೆ, ಅಲ್ಲಿನ ಬೀಜಕ್ಕೆ ಹೆಸರಿರುವುದೂ ಅದರಿಂದಲೇ.

ಕಾಯಿಯನ್ನು ಕಟ್ಲಾಸಿನಿಂದ ಸೀಳುವುದಕ್ಕಿಂತ ಮರದ ಕೊರಡಿನಿಂದ ಬಡಿದು ಒಡೆಯುವುದು ಲೇಸು, ಬೀಜವೂ ಬೆರಳೂ ಉಳಿಯುತ್ತವೆ. ನೆಲಕ್ಕೆ ಬಾಳೆ ಎಲೆ ಹಾಸಿ, ಹಸಿ ಬೀಜ ರಾಶಿ ಹಾಕಿ, ಮೇಲೆ ಮತ್ತೆ ಎಲೆ ಮುಚ್ಚಿ 6 ದಿನ. ಎರಡು ದಿನಕ್ಕೊಮ್ಮೆ ರಾಶಿಯನ್ನು ಬುಡಮೇಲು ಮಾಡಬೇಕು. ಸರಿಯಾಗಿ ಹುದುಗಿದರೆ ಒಳಗಿನ ಬಿಸಿ 45ರಿಂದ 50 ಡಿಗ್ರಿ ಮುಟ್ಟುತ್ತದೆ, ವಿನೆಗರಿನಂಥ ಹುಳಿ ವಾಸನೆ ಮೂಗಿಗೆ ಹೊಡೆಯುತ್ತದೆ. ತಿರುವದೆ ಬಿಟ್ಟರೆ ನಡುವೆ ಗಾಳಿಯಾಡದೆ ಅರ್ಧ ಬೀಜ ನೇರಳೆಯಾಗಿಯೇ ಉಳಿದು ಕಹಿಯಾಗುತ್ತದೆ. ಆಮೇಲೆ ಅಟ್ಟಣಿಗೆಯ ಚಾಪೆಯ ಮೇಲೆ ವಾರಕ್ಕೂ ಹೆಚ್ಚು ಬಿಸಿಲು, ದಿನಕ್ಕೆ ಹಲವು ಸಲ ಕೈಯಾಡಿಸುತ್ತಾ ಚಪ್ಪಟೆ, ಮೊಳೆತ, ಬೂಜು ಹಿಡಿದ ಬೀಜ ಆರಿಸುವುದು. ಮಳೆಹನಿ ಬಿದ್ದ ಕೂಡಲೇ ಚಾಪೆ ಸುತ್ತಬೇಕು. ಓಡುವ ಕಾಲು ಇರುವ ಮುಯ್ಯಾಳಿಗೆ ಇಲ್ಲಿ ಬೆಲೆ. ಹಿಡಿಯಲ್ಲಿ ಹಿಸುಕಿದರೆ ಚಟಚಟ ಅನ್ನಬೇಕು. ತೇವ ನೂರಕ್ಕೆ ಏಳೂವರೆಗಿಂತ ಕಡಿಮೆ. ನಿವ್ವಳ 62.5 ಕಿಲೋದ ಮೂಟೆ, 16 ಮೂಟೆಗೆ ಒಂದು ಟನ್ನು.

ಕಪ್ಪಾಗಿ ಕೊಳೆತ ಕಾಯಿ ಕಂಡರೆ ಅಡಿಕೆಯ ಕೊಳೆರೋಗ ನೆನಪಾಗಲಿ, ಎರಡಕ್ಕೂ ಕಾರಣ ಫೈಟಾಫ್ಥೊರಾ ಕುಲದ, ಶಿಲೀಂಧ್ರದಂಥ ಸೂಕ್ಷ್ಮಜೀವಿಯೇ. ಕೊಳೆತದ್ದನ್ನು ಕಿತ್ತ ಕೈಯಲ್ಲಿ, ಅದೇ ಕತ್ತಿಯಲ್ಲಿ ಒಳ್ಳೆಯ ಮರ ಮುಟ್ಟಬೇಡಿ.

ಕಾಳು ಕಟ್ಟಿಡುವುದು

ಬಿತ್ತುವುದಕ್ಕಿಂತ ಹೆಚ್ಚು ಉಳಿತಾಯ ಇಲ್ಲಿದೆ ಎನ್ನಬಹುದು. ಅಲಸಂದೆಯನ್ನು ಬರಿ ಚೀಲದಲ್ಲಿಟ್ಟರೆ ಕೆಲವೇ ತಿಂಗಳಲ್ಲಿ ನುಸಿ ತೂತು ಮಾಡಿ ಹಿಟ್ಟಾಗಿಸುತ್ತದೆ. ಪರಿಹಾರ ಪಿಕ್ಸ್ ಚೀಲ: ಹೊರಗೆ ನೇಯ್ದ ಚೀಲ, ಒಳಗೆ ದಪ್ಪ ಪ್ಲಾಸ್ಟಿಕ್ಕಿನ ಎರಡು ಪದರ. 1980ರ ದಶಕದಲ್ಲಿ ಕ್ಯಾಮರೂನಿನ ಅಲಸಂದೆಗಾಗಿ ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದವರು ಅಲ್ಲಿನವರ ಜತೆ ರೂಪಿಸಿದ್ದು. ಒಳಗಿರುವ ಹುಳುಗಳೇ ಆಮ್ಲಜನಕ ಮುಗಿಸಿಕೊಂಡು, ತಿನ್ನುವುದು ಬಿಟ್ಟು ಸಾಯುತ್ತವೆ. ಔಷಧಿ ಬೇಡ.

ಮೊದಲು ಒಣಗಿದೆಯೇ ನೋಡಿ. ಒಣ ಗಾಜಿನ ಬಾಟಲಿಯ ಮೂರನೇ ಒಂದು ಭಾಗ ಕಾಳು, ಎರಡು ಮೂರು ಚಮಚ ಒಣ ಉಪ್ಪು ಹಾಕಿ ಒಂದು ನಿಮಿಷ ಕುಲುಕಿ, ಹದಿನೈದು ನಿಮಿಷ ಬಿಡಿ. ಉಪ್ಪು ಗಾಜಿಗೆ ಅಂಟಿದರೆ ತೇವ ನೂರಕ್ಕೆ 15ಕ್ಕಿಂತ ಹೆಚ್ಚು. ಅಂಟದಿದ್ದರೂ ಇನ್ನೊಂದು ಬಿಸಿಲು ಕೊಡಿ, ಬೇಕಾದ್ದು 13ರ ಒಳಗೆ. ನಂತರ ಒಳಪದರಕ್ಕೆ ಗಾಳಿ ತುಂಬಿ ಬಾಯಿ ಹಿಡಿದು ಒತ್ತಿ, ಕೆನ್ನೆಗೆ ಗಾಳಿ ತಾಗಿದರೆ ತೂತಿದೆ. ಕಾಳು ತುಂಬಿ ಮೇಲೆ ಒಂದು ಗೇಣು ಬಿಟ್ಟು, ಗಾಳಿ ಹೊರಹಾಕುತ್ತಾ ಹುರಿ ಹೊಸೆದಂತೆ ತಿರುಚಿ, ಮಡಿಸಿ, ಬಿಗಿಯಾಗಿ ಕಟ್ಟಿ. ಎರಡನೇ ಪದರ ಹಾಗೆಯೇ, ಆಮೇಲೆ ಹೊರಚೀಲ. ಗೋಡೆಗೆ ತಾಗದಂತೆ ಹಲಗೆಯ ಮೇಲಿಡಿ. ಕೆಡುವುದು ಎರಡೇ ಕಾರಣಕ್ಕೆ: ಹಸಿ ಕಾಳು ತುಂಬಿ ಬೂಜು ಬರಿಸುವುದು, ‘ಹೇಗಿದೆ ನೋಡೋಣ’ ಎಂದು ವಾರಕ್ಕೊಮ್ಮೆ ಬಿಚ್ಚಿ ಹುಳುವಿಗೆ ಉಸಿರು ಕೊಡುವುದು.

ಊಟ

ರಾಗಿಮುದ್ದೆ ನುಂಗುವವರಿಗೆ ಉತ್ತರದ ‘ತುವೊ ಜಾಫಿ’ ಮೊದಲ ದಿನವೇ ಒಗ್ಗುತ್ತದೆ: ಮೆಕ್ಕೆಜೋಳದ ಮೆತ್ತನೆ ಮುದ್ದೆ, ಜತೆಗೆ ಲೋಳೆಯಾದ ಸೆಣಬಿನ ಸೊಪ್ಪಿನ ಸಾರು. ದಕ್ಷಿಣದ ಫುಫುವನ್ನೂ ಅಗಿಯುವುದಿಲ್ಲ, ನುಂಗುವುದು. ಸಸ್ಯಾಹಾರಿಗಳಿಗೆ ಎಚ್ಚರ: ‘ಮಾಂಸ ತಿನ್ನುವುದಿಲ್ಲ’ ಎಂದರೆ ಮೀನು ಬರುತ್ತದೆ, ‘ಮೀನೂ ಬೇಡ’ ಎಂದರೆ ಒಣಮೀನಿನ ಪುಡಿ ಸಾರಿನಲ್ಲಿ ಇದ್ದೇ ಇರುತ್ತದೆ, ಅದು ಅವರಿಗೆ ಮಸಾಲೆ. ‘ಷಿಟೊ’ ಚಟ್ನಿಯಲ್ಲೂ ಮೀನು, ಸೀಗಡಿ ಇದೆ. ಪುಡಿಯನ್ನೂ ಹೆಸರಿಸಿ ಹೇಳಿ. ವಾಚೆ ಎಂಬ ಅಲಸಂದೆ ಅನ್ನ, ಹುರಿದ ಬಾಳೆ, ಕಡಲೆಕಾಯಿ ಸಾರು ಸಾಮಾನ್ಯವಾಗಿ ಹೊಂದಿಸಿಕೊಳ್ಳಬಹುದು. ಉಪ್ಪಿನಕಾಯಿ ಮನೆಯಿಂದ ಒಯ್ಯಿರಿ.

ಮರಳುವಾಗ

ಕೋಕೋ ಬೀಜ, ಕಾಯಿ, ಕಡ್ಡಿ ಯಾವುದನ್ನೂ ಜೇಬಿಗೆ ಹಾಕಬೇಡಿ. ಪಶ್ಚಿಮ ಆಫ್ರಿಕಾದ ಕೋಕೋ ಮರಗಳನ್ನು ಕಡಿಸಿದ ಊದುಚಿಗುರು ವೈರಸ್ ಹಿಟ್ಟುತಿಗಣೆಯ ಮೂಲಕ ಹರಡುವಂಥದ್ದು; ಪುತ್ತೂರಿನ ತೋಟಕ್ಕೆ ಅದು ಬೇಡ. ಸಸ್ಯ ಕ್ವಾರಂಟೈನ್ ಅನುಮತಿಯಿಲ್ಲದೆ ಬಿತ್ತನೆ ಸಾಮಗ್ರಿ ತರುವುದು ಕಾನೂನಿಗೂ ವಿರುದ್ಧ. ಬೂಟಿನ ಅಟ್ಟೆಯ ಗೀರುಗಳಲ್ಲಿ ಸೇರಿದ ಮಣ್ಣನ್ನು ಹೊರಡುವ ಹಿಂದಿನ ದಿನ ಕಡ್ಡಿಯಿಂದ ಕೆದಕಿ, ಸೋಪು ಹಾಕಿ ಉಜ್ಜಿ, ಒಣಗಿಸಿ. ಚೆನ್ನಾಗಿದ್ದರೆ ಆ ಬೂಟನ್ನು ಅಲ್ಲೇ ಬಿಟ್ಟುಬರುವುದು ಇನ್ನೂ ವಾಸಿ, ತೊಡುವವರು ಇದ್ದೇ ಇರುತ್ತಾರೆ.

ತಡೆ ಮಾತ್ರೆಯನ್ನು ವಿಮಾನ ಇಳಿದ ದಿನವೇ ನಿಲ್ಲಿಸಬೇಡಿ. ಮುಂದಿನ ಮೂರು ತಿಂಗಳಲ್ಲಿ, ಅಪರೂಪಕ್ಕೆ ಅದಕ್ಕಿಂತ ತಡವಾಗಿಯೂ, ಜ್ವರ ಬಂದರೆ ಡೆಂಗಿ ಪರೀಕ್ಷೆ ಬರೆದುಕೊಡುವ ವೈದ್ಯರಿಗೆ ಮೊದಲ ಮಾತಿನಲ್ಲೇ ಹೇಳಿ: ಘಾನಾದಿಂದ ಬಂದಿದ್ದೇನೆ, ಫಾಲ್ಸಿಪೇರಂ ನೋಡಿ.